ಹೊಸ ನಡಿಗೆ ಕಲಿತರೆ ಹಳೇದು ಮರೀತದಾ?

ಐವತ್ತೆರಡನೇ ವಯಸ್ಸಿಗೆ ನಾನು ಕುದುರೆ ಸವಾರಿ ಕಲಿಯಲು ಹೊರಟಾಗ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: "ಸ್ಕೂಟರ್ ಮ್ಯಾಲಿಂದ ಬಿದ್ದದ್ದು ಸಾಕಾಗಲಿಲ್ಲೇನ್ರೀ?"

ಸಾಕಾಗಿತ್ತು ನಿಜ. ಆದರೆ 1990ರಲ್ಲಿ ಧಾರವಾಡದಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ಪುಣೆಗೆ ಇಳಿದವನು ಅಲ್ಲಿಂದ ಇಲ್ಲಿತನಕ ಆಫೀಸು, ಮನೆ, ಸಾಲದ ಕಂತು ಬಿಟ್ಟು ಬೇರೇನೂ ಮಾಡಿರಲಿಲ್ಲ. ಮಗಳು ಕೆಲಸ ಹಿಡಿದು ಹೈದರಾಬಾದಿಗೆ ಹೋದ ಮೇಲೆ ಭಾನುವಾರಗಳು ತೀರಾ ಉದ್ದವಾಗತೊಡಗಿದವು. ಊರ ಹೊರಗೆ ಸಿಂಹಗಡದ ದಾರಿಯಲ್ಲಿ ಒಂದು ಕುದುರೆ ಲಾಯ ಇದೆ, ಸವಾರಿ ಕಲಿಸುತ್ತಾರೆ ಅಂತ ಗೆಳೆಯನೊಬ್ಬ ಹೇಳಿದ. ಹೋದೆ. ಬಿದ್ದೆ. ಮತ್ತೆ ಹೋದೆ. ಹೀಗೆ ಆರೇಳು ವರ್ಷ ಆಯಿತು.

ಇವತ್ತು ಹೇಳಹೊರಟಿರುವುದು ನನ್ನ ಸವಾರಿಯ ಬಗ್ಗೆ ಅಲ್ಲ. ತಾರಾ ಅನ್ನುವ ಒಂದು ಹೆಣ್ಣು ಕುದುರೆಯ ಬಗ್ಗೆ.

ತಾರಾ ಮಾರವಾಡಿ ತಳಿಯವಳು. ಈ ತಳಿಯನ್ನು ಗುರುತು ಹಿಡಿಯುವುದು ಬಹಳ ಸುಲಭ. ಕಿವಿಗಳು ಒಳಕ್ಕೆ ಬಾಗಿ, ತುದಿ ತುದಿ ತಾಗುವ ಹಾಗೆ ಇರುತ್ತವೆ. ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದ ಹಾಗೆ. ಅವಳ ಯಜಮಾನರು ಸೊಲ್ಲಾಪುರದ ಕಡೆಯ ರೈತರು, ಎಪ್ಪತ್ತು ದಾಟಿದವರು. ನಾವೆಲ್ಲ ಕಾಕಾ ಅಂತೇವೆ. ಹೆಂಡತಿ ತೀರಿಕೊಂಡ ಮೇಲೆ ಪುಣೆಯಲ್ಲಿರುವ ಮಗನ ಫ್ಲ್ಯಾಟಿಗೆ ಬಂದರು. ಹೊಲ ಲಾವಣಿಗೆ ಹಾಕಿದರು, ಎತ್ತು ಮಾರಿದರು. ಕುದುರೆಯನ್ನು ಮಾತ್ರ ಮಾರಲು ಮನಸ್ಸಾಗದೆ ಜೊತೆಗೇ ಕರೆತಂದು ಈ ಲಾಯದಲ್ಲಿ ಕಟ್ಟಿದರು. ನಾನು ಫೋನಿನಲ್ಲಿ ಮನೆಯವಳ ಜೊತೆ ಮಾತಾಡುವುದನ್ನು ಮೊದಲ ದಿನವೇ ಕೇಳಿಸಿಕೊಂಡು, "ಧಾರವಾಡದವ್ರೇನ್ರಿ ಸಾಹೇಬ್ರ?" ಅಂದರು. ಅವರ ಊರಿನಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ. ಯಾವುದರಿಂದ ಯಾವುದಕ್ಕೆ ಯಾವಾಗ ದಾಟಿದರು ಅಂತ ಅವರಿಗೇ ಗೊತ್ತಾಗುವುದಿಲ್ಲ.

ತಾರಾಳನ್ನು ಕಾಕಾ 2017ರಲ್ಲಿ ಸಾರಂಗಖೇಡಾದಲ್ಲಿ ಕೊಂಡಿದ್ದರು. ನಂದುರಬಾರ ಜಿಲ್ಲೆಯಲ್ಲಿ ತಾಪಿ ನದಿಯ ದಂಡೆಗೆ ಇರುವ ಊರು ಅದು. ದತ್ತ ಜಯಂತಿಗೆ ಅಲ್ಲಿ ನಡೆಯುವ ಕುದುರೆ ಜಾತ್ರೆಗೆ ದೇಶದ ಮೂಲೆ ಮೂಲೆಗಳಿಂದ ಜನ ಬರುತ್ತಾರೆ. ಅದಕ್ಕೂ ಮುಂಚೆ ತಾರಾ ಮದುವೆ ಮೆರವಣಿಗೆಯ ಕುದುರೆಯಾಗಿದ್ದವಳು. ಕಾಕಾ ಅವಳಿಗೆ ಮನಸೋತದ್ದು ಅವಳ ನಡಿಗೆಗೆ. ಅದಕ್ಕೆ ರೇವಾಲ್ ಅನ್ನುತ್ತಾರೆ.

ಕುದುರೆಯ ನಡಿಗೆಗಳ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಧಾರವಾಡದವನಾದ್ದರಿಂದ ನನಗೆ ತಬಲಾದ ಲೆಕ್ಕವೇ ಸುಲಭ. ಸಾದಾ ಕುದುರೆಗೆ ಮುಖ್ಯವಾಗಿ ನಾಲ್ಕು ನಡಿಗೆ. ಮೊದಲನೆಯದು ಕದಮ್, ನಿಧಾನದ ನಡಿಗೆ, ನಾಲ್ಕು ಪೆಟ್ಟು. ಎರಡನೆಯದು ದುಲ್ಕಿ, ಅಂದರೆ ಟ್ರಾಟ್. ಇದರಲ್ಲಿ ಮೂಲೆ ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಎರಡೇ ಪೆಟ್ಟು, ಸವಾರನ ಸೊಂಟ ಮುರಿಯುವುದು ಇಲ್ಲೇ. ಮೂರನೆಯದು ಕ್ಯಾಂಟರ್. ಮೂರು ಪೆಟ್ಟು, ಆಮೇಲೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿ. 'ಧಾ ಧಿನ್ ನಾ' ಅಂದು ಒಂದು ಸಣ್ಣ ಮೌನ, ಮತ್ತೆ 'ಧಾ ಧಿನ್ ನಾ'. ನಾಲ್ಕನೆಯದು ನಾಗಾಲೋಟ. ಅದರ ಗೊಡವೆಗೆ ನಾನು ಹೋಗಿಲ್ಲ, ಹೋಗುವುದೂ ಇಲ್ಲ.

ರೇವಾಲ್ ಈ ಸಾಲಿನಲ್ಲಿ ಬರುವುದಿಲ್ಲ. ಅದರಲ್ಲಿ ಒಂದೇ ಪಕ್ಕದ ಹಿಂಗಾಲು, ಮುಂಗಾಲು ಒಂದರ ಹಿಂದೊಂದು ಬೀಳುತ್ತವೆ, ಆಮೇಲೆ ಇನ್ನೊಂದು ಪಕ್ಕದವು. ಯಾವಾಗಲೂ ಒಂದಲ್ಲ ಒಂದು ಕಾಲು ನೆಲದ ಮೇಲೆ ಇದ್ದೇ ಇರುವುದರಿಂದ ಎತ್ತಿ ಕುಕ್ಕುವುದಿಲ್ಲ. ಕೆಹರವಾ ಠೇಕಾ ನಡೆದ ಹಾಗೆ ಟಕಟಕಟಕಟಕ ಅಂತ ಸಾಗುತ್ತದೆ. ಕಾಕಾ ತುಂಬಿದ ಸ್ಟೀಲ್ ಲೋಟ ಕೈಯಲ್ಲಿ ಹಿಡಿದು ತಾರಾಳ ಮೇಲೆ ಇಡೀ ಮೈದಾನ ಒಂದು ಸುತ್ತು ಹೊಡೆದು ಬಂದು, ಇಳಿದು, ಅದೇ ನೀರನ್ನು ನಮ್ಮ ಮುಂದೆ ಗಟಗಟ ಕುಡಿಯುತ್ತಿದ್ದರು. ಅದು ಅವರ ಭಾನುವಾರದ ಪೂಜೆ.

ತೊಂದರೆ ಶುರುವಾದದ್ದು ಕಳೆದ ವರ್ಷದ ಮಳೆಗಾಲದಲ್ಲಿ. ಲಾಯದ ಬಾಡಿಗೆ, ಹುಲ್ಲು, ಹುರುಳಿ, ಲಾಳ, ಡಾಕ್ಟರು... ಮಗನಿಗೆ ಭಾರವಾಗತೊಡಗಿತ್ತು. ಲಾಯದವರು ಒಂದು ದಾರಿ ಹೇಳಿದರು: ತಾರಾಳನ್ನು ಮಕ್ಕಳಿಗೆ ಸವಾರಿ ಕಲಿಸಲು ಬಳಸುವ ಹಾಗಾದರೆ ಬಾಡಿಗೆ ಅರ್ಧ ಮಾಫಿ. ಆದರೆ ಕಲಿಯುವ ಮಕ್ಕಳಿಗೆ ಕ್ಯಾಂಟರ್ ಬೇಕೇ ಬೇಕು. ತಾರಾಗೆ ಜೀನು ಹಾಕಿ ಮೇಲೆ ಕೂತರೆ ಕ್ಯಾಂಟರ್ ಬರುವುದಿಲ್ಲ. ಆಗದಿದ್ದರೆ? ಡಿಸೆಂಬರಿನಲ್ಲಿ ಮತ್ತೆ ಸಾರಂಗಖೇಡಾ. ಹನ್ನೆರಡರ ಆಸುಪಾಸಿನ ಕುದುರೆಯನ್ನು ಅಲ್ಲಿ ಯಾರು ಕೊಳ್ಳುತ್ತಾರೆ ಅಂತ ಕಾಕಾಗೂ ಗೊತ್ತಿತ್ತು. ಮತ್ತೆ ಬ್ಯಾಂಡು, ಪಟಾಕಿ, ಜನರೇಟರ್ ದೀಪ.

"ಕಲಸ್ರಿ ಸಾಹೇಬ್ರ," ಅಂದರು ಕಾಕಾ. "ಆದ್ರ ಒಂದ್ ಮಾತ್. ಅಕೀ ರೇವಾಲ್ ಹೋಗಬಾರ್ದ್. ಅದ್ ಹೋತಂದ್ರ ಅಕೀ ತಾರಾನೇ ಅಲ್ಲ."

ನಾನೇಕೆ ಒಪ್ಪಿಕೊಂಡೆ ಗೊತ್ತಿಲ್ಲ. ನಿವೃತ್ತಿಯಾಗಿ ಕೆಲವೇ ತಿಂಗಳಾಗಿತ್ತು, ಸಮಯ ಇತ್ತು. ಅಲ್ಲದೆ ಕಲಿಸುವವರು ಉಸ್ತಾದ್, ನಾನು ಬರೀ ಮೇಲೆ ಕೂರುವವನು ಅಂದುಕೊಂಡಿದ್ದೆ. ಉಸ್ತಾದ್ ಅಂದರೆ ನಮ್ಮ ಲಾಯದ ಹಿರಿಯ ಶಿಕ್ಷಕರು, ಶೇಖಾವಾಟಿ ಕಡೆಯವರು, ಜೈಪುರದ 61ನೇ ಕ್ಯಾವಲ್ರಿಯಲ್ಲಿ ಸವಾರರಾಗಿ ನಿವೃತ್ತರಾದವರು. 1953ರಲ್ಲಿ ಆ ರೆಜಿಮೆಂಟನ್ನು ಕಟ್ಟುವಾಗ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲಿ ಸೇರಿತ್ತು. ನಾನು ಕರ್ನಾಟಕದವನು ಅಂತ ಗೊತ್ತಾದ ದಿನದಿಂದ ಅವರು ನನ್ನನ್ನು 'ಮೈಸೂರ್ ವಾಲೇ' ಅಂತಲೇ ಕರೆಯುವುದು. ಧಾರವಾಡಕ್ಕೂ ಮೈಸೂರಿಗೂ ಎಷ್ಟು ದೂರ ಅಂತ ವಿವರಿಸುವ ಪ್ರಯತ್ನವನ್ನು ನಾನು ಎಂದೋ ಕೈಬಿಟ್ಟಿದ್ದೇನೆ.

ಮೊದಲ ಎರಡು ವಾರ ಶುದ್ಧ ಫಜೀತಿ. ನಾನು ರೇವಾಲ್‌ನಲ್ಲಿ ಹೋಗುತ್ತ ಹಿಮ್ಮಡಿಯಿಂದ ಒತ್ತುವುದು, ಅವಳು ರೇವಾಲ್‌ನಲ್ಲೇ ಇನ್ನೂ ಜೋರಾಗಿ ಓಡುವುದು. ಮತ್ತೆ ಒತ್ತಿದರೆ ಇನ್ನೂ ಜೋರು. ತಲೆ ಆಕಾಶಕ್ಕೆ, ಬೆನ್ನು ಹಳ್ಳ, ನಾಲ್ಕು ಪೆಟ್ಟು ಕೆಟ್ಟು ಎರಡು ಪಕ್ಕಕ್ಕೆ ದೋಣಿಯ ಹಾಗೆ ತೂಗಾಟ. ಒಮ್ಮೆ ಮುಂಗಾಲು ಒಂದು ಲೆಕ್ಕ, ಹಿಂಗಾಲು ಇನ್ನೊಂದು ಲೆಕ್ಕ ಹಿಡಿದು ಓಡಿದಳು. ಅರ್ಧ ಸುತ್ತಿಗೆ ನಾನು ಕೆಂಪು ಮಣ್ಣಿನ ಮೇಲಿದ್ದೆ. ಉಸ್ತಾದ್ ನಿಧಾನ ಬಂದು, ನನ್ನನ್ನು ಎಬ್ಬಿಸುವ ಮೊದಲು ಕುದುರೆಯ ಕಾಲು ನೋಡಿದರು.

"ರೇವಾಲ್ ಓಡುವ ಕುದುರೆಯನ್ನು ಅಟ್ಟಿ ಕ್ಯಾಂಟರಿಗೆ ತರೋಕಾಗಲ್ಲ ಮೈಸೂರ್ ವಾಲೇ. ಅವಳ ಹತ್ತಿರ ವೇಗಕ್ಕೆ ಬೇರೆ ದಾರಿ ಇದೆ. ನೀವು ಹೆಚ್ಚು ಕೇಳಿದಷ್ಟೂ ಅವಳು ತನಗೆ ಗೊತ್ತಿರೋದನ್ನೇ ಹೆಚ್ಚು ಕೊಡ್ತಾಳೆ," ಅಂದರು ಹಿಂದಿಯಲ್ಲಿ.

ಇದರಲ್ಲಿ ಹುಟ್ಟಿನ ಪಾಲೂ ಇರುತ್ತದೆ ಅಂತ ಆಮೇಲೆ ಓದಿದೆ. 2012ರಲ್ಲಿ ವಿಜ್ಞಾನಿಗಳು ಐಸ್‌ಲ್ಯಾಂಡಿನ ಕುದುರೆಗಳನ್ನು ಅಭ್ಯಾಸ ಮಾಡಿ ಡಿಎಂಆರ್‌ಟಿ3 ಅನ್ನುವ ವಂಶವಾಹಿಯಲ್ಲಿ ಒಂದು ಬದಲಾವಣೆ ಕಂಡುಹಿಡಿದರು. ಕಾಲುಗಳ ಹೊಂದಾಣಿಕೆಯನ್ನು ನೋಡಿಕೊಳ್ಳುವ, ಬೆನ್ನುಹುರಿಯ ನರಕೋಶಗಳ ಮೇಲೆ ಅದು ಕೆಲಸ ಮಾಡುತ್ತದೆ. ಆ ಬದಲಾವಣೆ ಇದ್ದ ಕುದುರೆಗಳಿಗೆ ಪಕ್ಕದ ಕಾಲು ಸೇರಿಸುವ ನಡಿಗೆಗಳು ಸುಲಭ, ಆದರೆ ಅಲ್ಲಿಂದ ಕ್ಯಾಂಟರು, ನಾಗಾಲೋಟಕ್ಕೆ ದಾಟುವುದು ಕಷ್ಟ. ತಾರಾಳ ರಕ್ತದಲ್ಲಿ ಏನಿದೆಯೋ ಯಾರೂ ಪರೀಕ್ಷೆ ಮಾಡಿಲ್ಲ. ಆದರೆ ಅವಳು ಮೊಂಡು ಅಂತ ಬೈಯುವುದನ್ನು ನಾನು ಅವತ್ತೇ ಬಿಟ್ಟೆ.

ಮರುದಿನ ಉಸ್ತಾದ್ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿ, ತಾರಾಳನ್ನು ಬರಿ ಮೈಯಲ್ಲಿ ಮೈದಾನಕ್ಕೆ ಬಿಟ್ಟರು. ಎರಡು ನಿಮಿಷ ಮಣ್ಣಲ್ಲಿ ಹೊರಳಾಡಿದಳು, ಮೈ ಕೊಡವಿದಳು. ಆಚೆ ಕಡೆ ಯಾರೋ ಹುರುಳಿಯ ಬಕೆಟ್ ಅಲ್ಲಾಡಿಸಿದರು ನೋಡಿ... ಹೊರಟಳು. ಧಾ ಧಿನ್ ನಾ, ಧಾ ಧಿನ್ ನಾ. ಬಾಲ ಎತ್ತಿಕೊಂಡು, ಕತ್ತು ಬಾಗಿಸಿಕೊಂಡು, ಅಷ್ಟು ಚೆಂದದ ಕ್ಯಾಂಟರ್!

"ಬರಲ್ಲ ಅಂದ್ರಲ್ಲ?" ಅಂದರು ಉಸ್ತಾದ್.

ನನಗೆ ತಟ್ಟನೆ ರಿಂಗಣ ನೆನಪಾಯಿತು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವಾಗ ದಾರಿಯಲ್ಲಿ ವಾರಕರಿಗಳು ವೃತ್ತಾಕಾರವಾಗಿ ನಿಂತು ನಡುವೆ ಕುದುರೆ ಓಡಿಸುತ್ತಾರೆ. ಒಂದು ಕುದುರೆಯ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಇರುವುದಿಲ್ಲ. ಸಾಕ್ಷಾತ್ ಮಾವುಲಿಯೇ ಕೂತಿರುತ್ತಾರೆ ಅಂತ ನಂಬಿಕೆ. ಓಡಿ ಹೋದ ಮೇಲೆ ಗೊರಸಿನ ಮಣ್ಣನ್ನು ಜನ ಹಣೆಗೆ ಹಚ್ಚಿಕೊಳ್ಳುತ್ತಾರೆ. ಆ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆ ಚಿಕ್ಕೋಡಿ ಕಡೆಯ ಅಂಕಲಿಯಿಂದ, ಅಲ್ಲಿನ ಶಿತೋಳೆ ಸರದಾರರ ಮನೆಯಿಂದ, ಆಳಂದಿಯವರೆಗೂ ನಡೆದುಕೊಂಡು. ಪುಣೆಯಲ್ಲಿ ಪ್ರತಿವರ್ಷ ಅವು ಹಾದುಹೋಗುವಾಗ, ಇವು ನಮ್ಮ ಕಡೆಯವು ಅಂತ ಪಕ್ಕದವರಿಗೆ ಹೇಳಿ ಬೀಗಿದವನು ನಾನು. ರಿಂಗಣದಲ್ಲಿ ಆ ಖಾಲಿ ಜೀನಿನ ಕುದುರೆಯನ್ನು ಓಡಿಸಲು ಮೇಲೆ ಯಾರ ಕೈಯೂ ಇರುವುದಿಲ್ಲ. ಅಂದ ಮೇಲೆ ತಾರಾಳ ವಿಷಯದಲ್ಲಿ ಅಡ್ಡ ಇದ್ದದ್ದು ಏನು? ಮೇಲೆ ಕೂತವನು!

ಉಸ್ತಾದ್ ಅವಳ ಬಾಯಿ ತೆರೆದು ತೋರಿಸಿದರು. ತುಟಿಯ ಎರಡೂ ಮೂಲೆಗಳಲ್ಲಿ ಗಟ್ಟಿಯಾದ ಬಿಳಿ ಗಾಯದ ಗೆರೆ, ನಾಲಿಗೆಯ ಮೇಲೊಂದು. ಮೆರವಣಿಗೆಯ ದಿನಗಳಲ್ಲಿ ಮುಳ್ಳು ಕಡಿವಾಣ ಹಾಕಿದ ಗುರುತು. 1965ರ ನಿಯಮಗಳಲ್ಲೇ ಅದು ನಿಷಿದ್ಧ, ಆದರೂ ಬಳಸುವವರು ಬಳಸುತ್ತಾರೆ. ಕಾಕಾ ತಂದ ಮೇಲೆ ಸಾದಾ ಕಡಿವಾಣವೇ. ಆದರೆ ಲಗಾಮು ಬಿಗಿಯಾದ ಕೂಡಲೇ ಅವಳ ಬಾಯಿಗೆ ಹಳೆಯದು ನೆನಪಾಗುತ್ತದೆ. ತಲೆ ಮೇಲೆ, ಬೆನ್ನು ಕೆಳಗೆ. ಹಿಂಗಾಲು ಹೊಟ್ಟೆಯ ಕೆಳಗೆ ಬರದೆ ಕ್ಯಾಂಟರ್ ಹುಟ್ಟುವುದೇ ಇಲ್ಲ.

"ಮತ್ತೆ ನೀವು ಲಗಾಮು ಯಾಕೆ ಬಿಗಿ ಹಿಡೀತೀರಿ?" ಅಂತ ಕೇಳಿದರು.

ಉತ್ತರ ನನಗೂ ಗೊತ್ತಿತ್ತು. ಹೆದರಿಕೆ. ಕಾಲಿಂದ ಹೋಗು ಅನ್ನುವುದು, ಕೈಯಿಂದ ನಿಲ್ಲು ಅನ್ನುವುದು.

ಅಲ್ಲಿಂದ ಕೆಲಸ ಮೊದಲಿನಿಂದ ಶುರು. ಕಡಿವಾಣ ತೆಗೆದು ಬರೀ ಮೂಗುಪಟ್ಟಿಗೆ ಲಗಾಮು. ಮೊದಲ ಮೂರು ವಾರ ನಾನು ಹತ್ತಲೇ ಇಲ್ಲ. ಉದ್ದ ಹಗ್ಗ ಹಿಡಿದು, ದೊಡ್ಡ ವೃತ್ತದಲ್ಲಿ ಸುತ್ತಿಸುವುದು, ಬಾಯಿಮಾತಿನಿಂದ ಹೇಳುವುದು. ನಾಲ್ಕು ಹೆಜ್ಜೆ ಕ್ಯಾಂಟರ್ ಬಂದರೆ ಸಾಕು, ನಿಲ್ಲಿಸಿ ಕತ್ತು ತಟ್ಟುವುದು. ದಣಿಸುವ ಹಾಗಿಲ್ಲ; ದಣಿದರೆ ಹಿಂಗಾಲಿನ ಲೆಕ್ಕ ತಪ್ಪುತ್ತದೆ. ನಡುನಡುವೆ ನೆಲದ ಮೇಲೆ ಬಿದಿರ ಕೋಲು ಸಾಲಾಗಿ ಇಟ್ಟು ದಾಟಿಸುವುದು. ಕೋಲು ದಾಟುವಾಗ ಕಾಲು ಎತ್ತಿ ಒಂದೊಂದಾಗಿ ಇಡಲೇಬೇಕು, ಪಕ್ಕದ ಜೋಡಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ಆಮೇಲೆ ಮೇಲೆ ಕೂತು. ಲಾಯದ ಹಿಂದೆ ಒಂದು ಸಣ್ಣ ಏರು ಇದೆ, ಅಲ್ಲೇ ಅಭ್ಯಾಸ. ಏರು ಹತ್ತುವಾಗ ಕುದುರೆ ಹಿಂಗಾಲಿಗೆ ಭಾರ ಹಾಕಲೇಬೇಕು. ರೇವಾಲ್‌ನಿಂದ ಕ್ಯಾಂಟರ್ ಕೇಳುವಂತಿಲ್ಲ, ಸಾದಾ ಕದಮ್‌ನಿಂದಲೇ ಕೇಳಬೇಕು. ಎಡಕ್ಕೆ ತಿರುಗುವಾಗ ಬಲಗಾಲನ್ನು ಹೊಟ್ಟೆಪಟ್ಟಿಯ ತುಸು ಹಿಂದೆ ಒತ್ತಬೇಕು. ಆಗ ಅವಳ ಬಲ ಹಿಂಗಾಲು ಮೊದಲ ಪೆಟ್ಟು. ಎಡ ಹಿಂಗಾಲು, ಬಲ ಮುಂಗಾಲು ಕೂಡಿ ಎರಡನೇ ಪೆಟ್ಟು. ಎಡ ಮುಂಗಾಲು ಮೂರನೆಯದು. ನಾನು ಮಾತ್ರ ರಿಕಾಬಿನಲ್ಲಿ ತುಸು ಎದ್ದು, ಅವಳ ಬೆನ್ನಿನ ಭಾರ ಇಳಿಸಿ, ಎಡಗೈಯಲ್ಲಿ ಕುತ್ತಿಗೆಯ ಕೂದಲು ಹಿಡಿದುಕೊಳ್ಳಬೇಕು. ಲಗಾಮು ಎಳೆಯದಿರಲಿ ಅಂತ ಉಸ್ತಾದ್ ಮಾಡಿದ ಉಪಾಯ ಅದು. ಕೂದಲು ಎಳೆದರೆ ಅವಳಿಗೆ ಅಷ್ಟೇನೂ ನೋವಿಲ್ಲ, ನನಗೂ ಹಿಡಿಯಲು ಏನೋ ಒಂದು ಆಯಿತು.

ಅಕ್ಟೋಬರಿನ ಒಂದು ಬೆಳಿಗ್ಗೆ ಬಂತು. ಆರು ಹೆಜ್ಜೆ. ನಾನು ಎಣಿಸಿದ್ದೆ. ಆರನೆಯದಕ್ಕೆ ನನಗೇ ಗೊತ್ತಿಲ್ಲದೆ "ಶಭಾಷ್ ನನ್ನವ್ವಾ!" ಅಂತ ಕನ್ನಡದಲ್ಲಿ ಕೂಗಿಬಿಟ್ಟೆ.

ಕತೆ ಇಲ್ಲಿಗೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ನವೆಂಬರ್ ಹೊತ್ತಿಗೆ ಕ್ಯಾಂಟರ್ ಚೆನ್ನಾಗಿ ಕೂತಿತು, ರೇವಾಲ್ ಕೆಟ್ಟಿತು! ರೇವಾಲ್ ಕೇಳಿದರೆ ಕ್ಯಾಂಟರಿಗೆ ಹಾರುವುದು, ಅಥವಾ ಎರಡೂ ಅಲ್ಲದ ಒಂದು ಕಲಸುಮೇಲೋಗರ. ಕಾಕಾ ಒಂದು ಭಾನುವಾರ ಲೋಟ ಹಿಡಿದು ಹತ್ತಿದರು. ಹತ್ತು ಹೆಜ್ಜೆಗೆ ನೀರೆಲ್ಲ ಧೋತರದ ಮೇಲೆ. ಇಳಿದು, ಖಾಲಿ ಲೋಟ ಒರೆಸಿ ಚೀಲಕ್ಕೆ ಹಾಕಿಕೊಂಡರು. ಬೈಯಲಿಲ್ಲ. "ಇರ್ಲಿ ಬಿಡ್ರಿ. ಮಾರೂದಕಿಂತ ಇದ ಛಲೋ," ಅಂದು ಆಟೋ ಹತ್ತಿದರು. ಬೈದಿದ್ದರೆ ಒಳ್ಳೆಯದಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. 1998ರ ಮಾತು. ಮಗಳಿಗೆ ಐದು ವರ್ಷ. ಅವಳ ಶಾಲೆಯಲ್ಲಿ ಕರೆಸಿ ಹೇಳಿದ್ದರು, "ಮಗು ಮೂರು ಭಾಷೆ ಕಲಸಿ ಮಾತಾಡ್ತಾಳೆ, ಗೊಂದಲ ಆಗ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ." ನಾನು ಒಪ್ಪಿದೆ. ಹೆಂಡತಿ ಒಪ್ಪಲಿಲ್ಲ, ನಾನೇ ಗಟ್ಟಿ ಹಿಡಿದು ಮಾಡಿಸಿದೆ. ಗೊಂದಲ ಹೋಯಿತು. ಅದರ ಜೊತೆ ಕನ್ನಡವೂ ಹೋಯಿತು. ರಜೆಗೆ ಧಾರವಾಡಕ್ಕೆ ಹೋದರೆ ಅಜ್ಜಿಯ ಹತ್ತಿರ ಮಾತ್ರ ಹೇಗೋ ಮಾತಾಡುತ್ತಿದ್ದಳು; ನಾನು ಒಳಗೆ ಬಂದರೆ ಇಂಗ್ಲಿಷಿಗೆ ಹೊರಳುತ್ತಿದ್ದಳು. ಯಾಕೆಂದರೆ ದೊಡ್ಡವಳಾದ ಮೇಲೆ ಅವಳು ಕನ್ನಡದಲ್ಲಿ ಬಾಯಿ ತೆರೆದಾಗಲೆಲ್ಲ ನಾನು ತಿದ್ದುತ್ತಿದ್ದೆ. ಹಾಗಲ್ಲ, ಹೀಗೆ ಅನ್ನಬೇಕು. ಮಾತಾಡು ಅನ್ನುವುದು, ಮಾತಾಡಿದರೆ ತಡೆಯುವುದು. ಕಾಲಿಂದ ಹೋಗು, ಕೈಯಿಂದ ನಿಲ್ಲು.

ಮರುದಿನ ಉಸ್ತಾದರಿಗೆ ಅಂಜುತ್ತಲೇ ಕೇಳಿದೆ. ಹೊಸದು ಬಂದರೆ ಹಳೆಯದು ಹೋಗಿಬಿಡುತ್ತಾ? ಕ್ಯಾಂಟರ್ ನಿಲ್ಲಿಸಿಬಿಡೋಣವೇ?

"ಯಾಕೆ ನಿಲ್ಲಿಸಬೇಕು? ಅವಳು ಮರೆತಿಲ್ಲ. ನೀವು ಯಾವಾಗ ಯಾವುದು ಕೇಳ್ತಿದೀರಿ ಅಂತ ಅವಳಿಗೆ ತಿಳೀತಿಲ್ಲ, ಅಷ್ಟೇ. ಎರಡಕ್ಕೂ ಒಂದೇ ಥರ ಒದೀತೀರಿ. ಕೇಳೋದನ್ನ ಬೇರೆ ಮಾಡಿ."

ಹಾಗೇ ಮಾಡಿದೆವು. ರೇವಾಲ್‌ಗೆ ಜೀನಿನಲ್ಲಿ ಗಟ್ಟಿಯಾಗಿ ಕೂತು, ಕೈ ತುಸು ಮೇಲಿಟ್ಟು, ಎರಡೂ ಕಾಲು ಸಮ ಒತ್ತುವುದು. ಕ್ಯಾಂಟರಿಗೆ ತುಸು ಎದ್ದು, ಹೊರಗಾಲು ಮಾತ್ರ ಹಿಂದೆ. ಒಂದು ದಿನ ನೇರ ದಾರಿಯಲ್ಲಿ ಬರೀ ರೇವಾಲ್, ಮರುದಿನ ವೃತ್ತದಲ್ಲಿ ಬರೀ ಕ್ಯಾಂಟರ್. ಎರಡೂ ಬೇರೆಬೇರೆಯಾಗಿ ಕೂತ ಮೇಲೆ ಒಂದೇ ದಿನ ಎರಡೂ, ನಡುವೆ ಸಾಕಷ್ಟು ಕದಮ್. ತಪ್ಪಿದರೆ ಎಳೆಯುವುದಿಲ್ಲ, ನಡಿಗೆಗೆ ತಂದು ಮತ್ತೆ ಕೇಳುವುದು.

ದತ್ತ ಜಯಂತಿಗೆ ಹತ್ತು ದಿನ ಇರುವಾಗ ಕಾಕಾಗೆ ಫೋನ್ ಮಾಡಿ, ಲೋಟ ತನ್ನಿರಿ ಅಂದೆ. ಬಂದರು. ನೀರು ತುಂಬಿದವನು ನಾನೇ, ಅಂಚಿನ ತನಕ. ಮೈದಾನದ ಒಂದು ಉದ್ದ ಹೋಗಿ, ತಿರುಗಿ ಬಂದರು. ಟಕಟಕಟಕಟಕ. ಇಳಿದು ಲೋಟ ನೋಡಿದರು. ಒಂದೆರಡು ಗುಟುಕಿನಷ್ಟು ಚೆಲ್ಲಿತ್ತು. "ಇಷ್ಟ ನನ್ ಕೈ ನಡುಗಿದ್ದು," ಅಂದರು, ಉಳಿದದ್ದನ್ನು ಕುಡಿದರು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಕೇಳಲಿಲ್ಲ. ಆಮೇಲೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಾರಾಳನ್ನು ಹತ್ತಿ ಎಡಕ್ಕೆ ಎರಡು ಸುತ್ತು ಕ್ಯಾಂಟರ್ ಮಾಡಿಸಿದಳು. ಬಲಕ್ಕೆ ಇನ್ನೂ ತಪ್ಪುತ್ತಾಳೆ. ಕುದುರೆ ಅಲ್ಲ, ನಾನು ಕಲಿಸಿದ ಕಡೆ.

ಆ ವರ್ಷ ತಾರಾ ಸಾರಂಗಖೇಡಾಕ್ಕೆ ಹೋಗಲಿಲ್ಲ. ಮುಂದಿನದು ಮುಂದೆ.

ಅವತ್ತು ರಾತ್ರಿ ಮಗಳ ಫೋನು. ಎಂದಿನಂತೆ ಇಂಗ್ಲಿಷಿನಲ್ಲೇ ಶುರು. ಕುದುರೆಯ ಕತೆ ಅವಳಿಗೆ ಅವ್ವನಿಂದ ಗೊತ್ತಿತ್ತು. ನಡುವೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಮೆಲ್ಲಗೆ, ಒಂದೊಂದೇ ಮಾತು ಹುಡುಕಿ ಜೋಡಿಸಿ ಕೇಳಿದಳು:

"ಅಪ್ಪಾ... ಈಗ ಕುದುರೆ ಛಂದ ಓಡ್ತಾಳಾ?"

ಕುದುರೆ ಓಡ್ತದ ಅನ್ನಬೇಕು, ಓಡ್ತಾಳ ಅಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈ ತಾನಾಗಿ ಏನನ್ನೋ ಹಿಡಿಯಲು ಹುಡುಕಿತು.

"ಹೌದವ್ವಾ," ಅಂದೆ, "ಭಾಳ ಛಂದ ಓಡ್ತಾಳ."